ಮೂರು ಕ್ವಿಂಟಲ್ ಭಾರ, ಒಂದು ರಟ್ಟಿನ ತುಂಡು

ಬಿ.ಕಾಂ. ಮುಗಿದು ಎರಡು ವರ್ಷವಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು ತಡಸದಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಧ್ಯಾಹ್ನದ ಮೇಲೆ ಅಲ್ಲೇ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ. ತೊಟ್ಟಿ ತೊಳೆಯುವುದು, ಫಿಲ್ಟರ್ ಬಿಚ್ಚಿ ಜೋಡಿಸುವುದು ಕೈಗೆ ಹತ್ತಿತ್ತು. ಹಾಗಾಗಿ ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ‘ನಮ್ಮ ಮನ್ಯಾಗೂ ಒಂದು ಮೀನಿನ ತೊಟ್ಟಿ ಇಟ್ಟುಕೊಡೋ’ ಎಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಅದು ನನ್ನ ಸ್ವಂತದ ಮೊದಲ ಕೆಲಸ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಕಬ್ಬಿಣದ ಸ್ಟ್ಯಾಂಡನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮೇಲೆ ಇಟ್ಟರೆ ಒಂದು ಮೂಲೆ ಅಲುಗಿತು. ಗಾಜಿಗೂ ಸ್ಟ್ಯಾಂಡಿಗೂ ನಡುವೆ ಸಣ್ಣ ಸಂದಿ. ರಟ್ಟು ಮಡಚಿ ಅಲ್ಲಿ ತುರುಕಿದೆ. ಅಲುಗಾಟ ನಿಂತಿತು. ಪೈಪ್ ಹಚ್ಚಿ ನೀರು ಬಿಟ್ಟೆ. ಮುಕ್ಕಾಲು ತುಂಬುವಷ್ಟರಲ್ಲಿ ‘ಟಣ್’ ಎಂದಿತು. ತಳದ ಗಾಜು ಆ ಮೂಲೆಯಿಂದಲೇ ಓರೆಯಾಗಿ ಸೀಳಿತ್ತು. ಮೀನು ಇನ್ನೂ ಬಿಟ್ಟಿರಲಿಲ್ಲ, ಅದೇ ಪುಣ್ಯ. ಮಾಸ್ತರರು ಬೈಯಲಿಲ್ಲ, ಕಸಬರಿಗೆ ಹಿಡಿದು ನೀರು ಬಳಿಯತೊಡಗಿದರು. ಬೈದಿದ್ದರೇ ವಾಸಿಯಿತ್ತು. ಕೋಚಿಂಗ್ ಫೀಗೆಂದು ಕೂಡಿಟ್ಟ ದುಡ್ಡು ಹೊಸ ತೊಟ್ಟಿಗೆ ಹೋಯಿತು.

ಎರಡನೇ ಸಲ ನಮ್ಮ ಓಣಿಯ ಗೌಂಡಿ ಕಾಕಾನನ್ನು ಕರೆದೊಯ್ದೆ. ಅವರು ಮೊದಲು ಕೇಳಿದ್ದೇ ‘ತುಂಬಿದ ಮ್ಯಾಲೆ ವಜ್ಜಾ ಎಷ್ಟಕ್ಕೈತಿ?’ ಎಂದು. ಕಾಮರ್ಸ್ ಓದಿದ ನಾನು ಆ ಲೆಕ್ಕವನ್ನೇ ಹಾಕಿರಲಿಲ್ಲ. ಸುಮಾರು 250 ಲೀಟರ್ ನೀರು ಎಂದರೆ 250 ಕಿಲೋ. ಗಾಜು, ಕಲ್ಲುಹರಳು ಸೇರಿದರೆ ಮೂರು ಕ್ವಿಂಟಲ್ ದಾಟುತ್ತದೆ. 50 ಕಿಲೋದ ಆರು ಸಿಮೆಂಟ್ ಚೀಲಕ್ಕಿಂತ ಹೆಚ್ಚು!

‘ನೆಲಾ ಸಪಾಟ ಇರಂಗಿಲ್ಲೋ ತಮ್ಮಾ. ತೊಳೆದ ನೀರು ಹರಕೊಂಡು ಹೋಗ್ಲಿ ಅಂತ ನಾವ ಇಳಿಜಾರ ಕೊಟ್ಟಿರತೀವಿ’ ಎಂದರು ಕಾಕಾ. ಮೇಲಾಗಿ ಹಾಸುಗಲ್ಲುಗಳೂ ಒಂದಕ್ಕೊಂದು ಸರಿಸಮ ಇರುವುದಿಲ್ಲ. ತೊಟ್ಟಿ ಇಡೀ ಒಂದೇ ಕಡೆ ತುಸು ವಾಲಿದರೆ ಗಾಜು ತಡೆದುಕೊಂಡೀತು. ಮೂರು ಮೂಲೆ ಕೂತು ನಾಲ್ಕನೆಯದು ತೇಲಿದರೆ ಮಾತ್ರ ಗಾಜು ತಿರುಚಿಕೊಳ್ಳುತ್ತದೆ. ಗಾಜು ಬಾಗುವುದಿಲ್ಲ, ಸೀಳುತ್ತದೆ. ನನ್ನ ರಟ್ಟು ಸಂದಿ ಮುಚ್ಚಿತ್ತೇ ಹೊರತು, ಭಾರವನ್ನೆಲ್ಲ ಆ ಒಂದೇ ಬಿಂದುವಿಗೆ ತಂದಿತ್ತು.

ಕಾಕಾ ಸ್ಟ್ಯಾಂಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟರು. ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಬಿಗಿದರು. ನಡುವೆ ಎರಡೂ ಒಂದನ್ನೊಂದು ಬರೀ ತಾಕಿದರೆ ಸರಿ. ಸಂದಿ ಬಿಟ್ಟರೆ, ಇಲ್ಲವೇ ಒಂದನ್ನೊಂದು ಒತ್ತಿದರೆ ಸ್ಟ್ಯಾಂಡ್ ತಿರುಚಿದೆ ಎಂದರ್ಥ. ತಗ್ಗಿದ ಕಾಲಿನಡಿ ಕಬ್ಬಿಣದ ಪಟ್ಟಿಯ ತುಂಡು ಕೊಟ್ಟರು. ಗಾಜಿನಡಿ ಅಲ್ಲ, ಕಾಲಿನಡಿ. ಇಷ್ಟಕ್ಕೂ ದಾರ ಕೂಡದಿದ್ದರೆ ಸ್ಟ್ಯಾಂಡೇ ವೆಲ್ಡಿಂಗ್ ಅಂಗಡಿಗೆ ವಾಪಸ್ ಹೋಗಬೇಕು.

ಆಮೇಲೆ ಇಡೀ ತಳಕ್ಕೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಿ ತೊಟ್ಟಿ ಇಟ್ಟೆವು. ಅದು ಸಣ್ಣ ಉಬ್ಬುತಗ್ಗು ನುಂಗುತ್ತದೆ, ವಾಲಿದ್ದನ್ನು ನೆಟ್ಟಗೆ ಮಾಡುವುದಿಲ್ಲ. ಸುತ್ತ ಫ್ರೇಮ್ ಇದ್ದು, ಅದರ ಮೇಲೇ ಕೂರುವ ತೊಟ್ಟಿಗೆ ಅದೂ ಬೇಡ. ಕಾಲು ಭಾಗ ನೀರು ತುಂಬಿ ನಿಲ್ಲಿಸಿದೆವು. ಮೇಲಂಚಿನಿಂದ ನೀರಿನವರೆಗೆ ನಾಲ್ಕೂ ಮೂಲೆಯಲ್ಲಿ ಸ್ಕೇಲ್ ಹಿಡಿದೆ. ಅರ್ಧಕ್ಕೆ ಮತ್ತೆ, ತುಂಬಿದ ಮೇಲೆ ಮತ್ತೆ. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಓಡಿಹೋಗಿ ನೋಡಿದೆ: ನೆಲ ಒಣಗಿತ್ತು. ‘ಈಗ ಮೀನು ತರೋಣೇನಪಾ?’ ಎಂದರು ಮಾಸ್ತರರು.

ಪರೀಕ್ಷೆ ಈಗಲೂ ಬರೆಯುತ್ತಿದ್ದೇನೆ. ಜತೆಗೆ ತಿಂಗಳಿಗೆ ಎರಡೋ ಮೂರೋ ತೊಟ್ಟಿ ಇಟ್ಟುಕೊಡುತ್ತೇನೆ. ಬ್ಯಾಗಿನಲ್ಲಿ ಪುಸ್ತಕದ ಪಕ್ಕ ಒಂದು ರಸಮಟ್ಟ, ಒಂದು ದಾರದ ಉಂಡೆ ಇರುತ್ತವೆ. ರಟ್ಟು ಇರುವುದಿಲ್ಲ.