ಗಣಪನ ಕೈಯ ಹಣ್ಣು, ಮೈಯ ಬಣ್ಣ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವತೆಯ ರೂಪವನ್ನು ನಿರ್ಧರಿಸುವುದು ಕಲಾವಿದನ ಕಲ್ಪನೆಗಿಂತ ಹೆಚ್ಚಾಗಿ ಧ್ಯಾನಶ್ಲೋಕ. ಇಂತಹ ಶ್ಲೋಕಗಳನ್ನು ಚಿತ್ರಸಮೇತ ಒಂಬತ್ತು ನಿಧಿಗಳಲ್ಲಿ ಸಂಕಲಿಸಿದ ಗ್ರಂಥ 'ಶ್ರೀತತ್ತ್ವನಿಧಿ'. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಇದು ಸಿದ್ಧವಾಯಿತು.

ಅದರ ಶಿವನಿಧಿಯಲ್ಲಿ ಗಣಪತಿಯ 32 ರೂಪಗಳಿವೆ. ಬಾಲಗಣಪತಿಯ ನಾಲ್ಕು ಕೈಗಳಲ್ಲಿ ಬಾಳೆ, ಮಾವು, ಹಲಸು, ಕಬ್ಬು, ಮೈಬಣ್ಣ ಉದಯಸೂರ್ಯನದು. ಭಕ್ತಗಣಪತಿಯೂ ಚತುರ್ಭುಜನೇ, ಬಾಳೆ, ಮಾವು ಆತನಿಗೂ ಉಂಟು. ಆದರೆ ಉಳಿದೆರಡು ಕೈಗಳಲ್ಲಿ ತೆಂಗಿನಕಾಯಿ ಮತ್ತು ಬೆಲ್ಲದ ಪಾಯಸ. ಮೈಬಣ್ಣವೋ ಶರತ್ಕಾಲದ ಚಂದ್ರನದು.

ಕೊಳ್ಳುವವರು ಚಿನ್ನದ ರೇಕನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಈ ಕೈಗಳನ್ನೂ ನೋಡುವುದು ಒಳಿತು. ಗೋಡೆಗೆ ಒಪ್ಪಲೆಂದು ಬಾಲಗಣಪತಿಯನ್ನು ಬಿಳಿಯಾಗಿಸಿ, ಕಬ್ಬಿನ ಜಾಗದಲ್ಲಿ ತೆಂಗಿನಕಾಯಿ ಬರೆಸಿದರೆ ಚಿತ್ರ ಚೆಲುವಾಗಿಯೇ ಇದ್ದೀತು. ಆದರೆ ಹಲಸನ್ನು ಹಿಡಿದ ಆ ಬಿಳಿಯ ಗಣಪತಿ ಈ ಎರಡು ಶ್ಲೋಕಗಳಲ್ಲಿ ಯಾವುದಕ್ಕೂ ಸೇರಿದವನಲ್ಲ.