ನ್ಯಾಯದ ಬೆಲೆಯ ಬಾಳೆಹಣ್ಣು ಎಲ್ಲೆಲ್ಲಿ ಎಷ್ಟು ಬಿಕರಿ?

ಬಡ ದೇಶಗಳ ಸಣ್ಣ ಬೆಳೆಗಾರರಿಗೆ ನಿಗದಿತ ಕನಿಷ್ಠ ಬೆಲೆಯನ್ನು ಖಾತ್ರಿಪಡಿಸಿ, ಅದರ ಮೇಲೆ ಅವರ ಸಂಘದ ಸಾಮೂಹಿಕ ಕೆಲಸಗಳಿಗೆಂದು ಪ್ರೀಮಿಯಂ ಎಂಬ ಹೆಚ್ಚುವರಿ ಹಣವನ್ನೂ ಕೊಡುವ ವ್ಯವಸ್ಥೆಗೆ ಫೇರ್‌ಟ್ರೇಡ್, ಅಂದರೆ ನ್ಯಾಯಯುತ ವ್ಯಾಪಾರ, ಎಂದು ಹೆಸರು. ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಮುದ್ರೆ ಬಿದ್ದಾಗ ಈ ಬಗೆಯ ಪ್ರಮಾಣೀಕರಣ ಆರಂಭವಾಯಿತು. ಆ ಹೆಸರು ಡಚ್ ವಸಾಹತಿನ ಶೋಷಣೆಯನ್ನು ಬಯಲಿಗೆಳೆದ 1860ರ ಕಾದಂಬರಿಯದು.

ಇಂಥ ಸರಕಿನ ಮಾರಾಟವನ್ನು ದೇಶದಿಂದ ದೇಶಕ್ಕೆ ಹೋಲಿಸುವಾಗ ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ. ಒಟ್ಟು ವಹಿವಾಟನ್ನು ನೋಡಿದರೆ ಬ್ರಿಟನ್, ಜರ್ಮನಿಗಳಂಥ ಜನಬಾಹುಳ್ಯದ ದೇಶಗಳು ಮುಂದಿವೆ. ತಲಾ ಖರ್ಚನ್ನು ನೋಡಿದರೆ ಒಂದು ಕೋಟಿಗೂ ಕಡಿಮೆ ಜನರಿರುವ ಸ್ವಿಟ್ಜರ್‌ಲ್ಯಾಂಡ್ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಅಲ್ಲಿ ಮಾರಾಟವಾಗುವ ಬಾಳೆಹಣ್ಣಿನಲ್ಲಿ ಅರ್ಧಕ್ಕೂ ಹೆಚ್ಚು ಫೇರ್‌ಟ್ರೇಡ್ ಮುದ್ರೆಯದು, ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು. ಆದರೆ ಸ್ವಿಸ್ ಗ್ರಾಹಕರ ಧರ್ಮಬುದ್ಧಿಯೇ ಇದಕ್ಕೆ ಕಾರಣವೆಂದು ಬಗೆಯುವುದು ಅವಸರದ ತೀರ್ಮಾನವಾದೀತು, ಏಕೆಂದರೆ ಅದೇ ಗ್ರಾಹಕರು ಕೊಳ್ಳುವ ಕಾಫಿಯಲ್ಲಿ ಮುದ್ರೆಯ ಪಾಲು ಬಾಳೆಹಣ್ಣಿನದಕ್ಕಿಂತ ಬಹಳ ಕಡಿಮೆ. ಆ ದೇಶದ ದಿನಸಿ ವ್ಯಾಪಾರದ ದೊಡ್ಡ ಪಾಲು ಮಿಗ್ರೋಸ್ ಮತ್ತು ಕೋಪ್ ಎಂಬ ಎರಡು ಸಹಕಾರಿ ಮಳಿಗೆ ಜಾಲಗಳ ಕೈಯಲ್ಲಿದ್ದು, ಕೋಪ್ ಎರಡು ದಶಕಗಳ ಹಿಂದೆಯೇ ತನ್ನ ಬಾಳೆಹಣ್ಣನ್ನೆಲ್ಲ ಈ ಮುದ್ರೆಗೆ ಬದಲಿಸಿತು. ಬ್ರಿಟನ್ನಿನಲ್ಲಿ ಸೇನ್ಸ್‌ಬರಿಸ್ ಮತ್ತು ವೇಟ್‌ರೋಸ್ 2007ರಲ್ಲಿ ಇದೇ ದಾರಿ ಹಿಡಿದವು. ಬೇರೆ ಹಣ್ಣೇ ಕಪಾಟಿನಲ್ಲಿ ಇಲ್ಲದಿರುವಾಗ ಗ್ರಾಹಕನ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ಇದರ ಮತ್ತೊಂದು ಮುಖ ಜರ್ಮನಿಯಲ್ಲಿ ಕಂಡಿತು. ಅಗ್ಗದ ಮಳಿಗೆಗಳ ಜಾಲವಾದ ಲಿಡ್ಲ್ 2018ರಲ್ಲಿ ಬಾಳೆಹಣ್ಣನ್ನು ಪೂರ್ತಿಯಾಗಿ ಫೇರ್‌ಟ್ರೇಡ್‌ಗೆ ಬದಲಿಸಲು ಹೊರಟಿತಾದರೂ, ಪ್ರತಿಸ್ಪರ್ಧಿಗಳು ಅಗ್ಗದ ಹಣ್ಣನ್ನೇ ಮಾರುತ್ತಿದ್ದುದರಿಂದ ಗ್ರಾಹಕರು ಅತ್ತ ಸರಿದು, ಮರುವರ್ಷವೇ ಅದು ಹಿಂದೆ ಸರಿಯಬೇಕಾಯಿತು.

ಕಂಪನಿಗಳ ತೀರ್ಮಾನಗಳು ಅಂಕಿಅಂಶವನ್ನು ಏರಿಸುವಂತೆ ಇಳಿಸಲೂ ಬಲ್ಲವು. ಬ್ರಿಟನ್ನಿನ ಕಿಟ್‌ಕ್ಯಾಟ್ 2010ರಲ್ಲಿ ಈ ಮುದ್ರೆ ಪಡೆದು 2020ರಲ್ಲಿ ರೇನ್‌ಫಾರೆಸ್ಟ್ ಅಲಯನ್ಸ್ ಎಂಬ, ಕನಿಷ್ಠ ಬೆಲೆಯ ಕಟ್ಟುಪಾಡಿಲ್ಲದ ಮತ್ತೊಂದು ಮುದ್ರೆಗೆ ಹೊರಳಿತು. ಕೊಳ್ಳುವವರ ಮನಸ್ಸು ಬದಲಾಗದೆಯೇ ಲೆಕ್ಕ ಕುಸಿಯಿತು. ಅಮೆರಿಕದ ಸಂಗತಿ ಇನ್ನೂ ತೊಡಕಿನದು: ಅಲ್ಲಿನ ಫೇರ್ ಟ್ರೇಡ್ ಯುಎಸ್‌ಎ ಸಂಸ್ಥೆ 2011ರ ಕೊನೆಗೆ ಫೇರ್‌ಟ್ರೇಡ್‌ನ ಅಂತರರಾಷ್ಟ್ರೀಯ ಒಕ್ಕೂಟದಿಂದ ಹೊರಬಂದು ತನ್ನದೇ ಮುದ್ರೆ ನಡೆಸುತ್ತಿರುವುದರಿಂದ, ಎರಡೂ ಮುದ್ರೆಗಳನ್ನು ಕೂಡಿಸದೆ ಆ ದೇಶವನ್ನು ಯುರೋಪಿನೊಡನೆ ಹೋಲಿಸಲಾಗದು.

ಮಳಿಗೆಯ ಗಲ್ಲಾಪೆಟ್ಟಿಗೆಗೆ ಬಿದ್ದ ಹಣವನ್ನು ಬೆಳೆಗಾರನ ಆದಾಯವೆಂದು ಓದುವುದೂ ತಪ್ಪು. ತೊಳೆದ ಅರೇಬಿಕಾ ಕಾಫಿಗೆ 2023ರಿಂದ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್, ಪ್ರೀಮಿಯಂ 20 ಸೆಂಟ್. ಆದರೆ ಕೊಳ್ಳುವವರ ಕೊರತೆಯಿಂದ ಎಷ್ಟೋ ಸಂಘಗಳು ತಮ್ಮ ಫಸಲಿನ ಒಂದು ಭಾಗವನ್ನಷ್ಟೇ ಈ ಷರತ್ತಿನಲ್ಲಿ ಮಾರಿ, ಉಳಿದುದನ್ನು ಮಾಮೂಲು ಪೇಟೆಗೆ ಒಯ್ಯುತ್ತವೆ. ಅಂತರರಾಷ್ಟ್ರೀಯ ಒಕ್ಕೂಟದ ಕಾಫಿ ನಿಯಮಗಳು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ಅನ್ವಯಿಸುವುದರಿಂದ, ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿಯೂ ಸಂಘ ಕಟ್ಟಿಕೊಳ್ಳದ ಬೆಳೆಗಾರನಿಗೆ ಈ ಮುದ್ರೆ ಸಿಗುವುದಿಲ್ಲ.