ಮೂರನೇ ಬೋರು ಬೇಡವೆಂದೆ

2015ರಲ್ಲಿ ವಿಶ್ವಸಂಸ್ಥೆ 2030ರೊಳಗೆ ಮುಟ್ಟಲೆಂದು 17 ಗುರಿ ಇಟ್ಟಿತು. ಎರಡನೆಯದು ಹಸಿವು ನೀಗುವುದು, ಆರನೆಯದು ನೀರು. ನಮಗೆ ಇವೆರಡೇ ಬೆಟ್ಟದಷ್ಟು.

ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಗಳಿಗೆ ಕನ್ನಂಬಾಡಿ ನಾಲೆಯುಂಟು, ಕೆ.ಆರ್.ಪೇಟೆಯ ಒಂದಷ್ಟು ಊರಿಗೆ ಹೇಮಾವತಿ. ನಾಗಮಂಗಲದ ನನ್ನ ಹೊಲಕ್ಕೆ ಮಳೆಯೇ ಗತಿ. ಎರಡು ಬೋರು ಕೊರೆಸಿದೆ, ಸಾಲ ಉಳಿಯಿತು. ಮಗ ಮೂರನೆಯದಕ್ಕೆ ಹೊರಟಾಗ ಬೇಡವೆಂದೆ. ಎರಡು ತಿಂಗಳು ಮಾತು ಬಿಟ್ಟ.

ಬೋರಿಗಿಟ್ಟ ದುಡ್ಡಲ್ಲಿ ಇಳಿಜಾರಿಗೆ ಅಡ್ಡ ಬದು ಹಾಕಿ, ತಗ್ಗಿನಲ್ಲಿ ಕೃಷಿಹೊಂಡ ತೋಡಿಸಿದೆವು. ನೀರು ಇಳಿಯುವ ಬಾಯಲ್ಲಿ ಹೂಳು ತಡೆಯುವ ಗುಂಡಿ ಬೇಕು ನೋಡಿ. ನಾನು ಮರೆತು ಮೊದಲ ವರ್ಷವೇ ಹೂಳೆತ್ತಿದೆ. ಹೊಂಡದ ನೀರು ಕಬ್ಬಿಗಾಗದು. ರಾಗಿ ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ಒಂದು ಸಲ ಹಾಯಿಸಬಹುದು. ಅಕ್ಕಡಿ ಸಾಲಿನ ಅವರೆ, ತೊಗರಿ ಮನೆಗಾಗುತ್ತದೆ.

ಮಗ ಈಗ ಮಾತಾಡುತ್ತಾನೆ. ಬೋರಿನ ಆಸೆ ಮಾತ್ರ ಬಿಟ್ಟಿಲ್ಲ.